ಹತ್ತಕ್ಕಿಂತ ಕಡಿಮೆಯಾದರೆ

ನೊಣ ಅವಳ ಎಡಗಾಲಿನ ಕಾಲುಂಗುರದ ಮೇಲೆ ಕೂತಿದೆ, ಊಟಕ್ಕೆ ಕೂತ ಬೀಗನ ಹಾಗೆ ಮುಂಗಾಲು ಉಜ್ಜಿಕೊಳ್ಳುತ್ತಿದೆ, ಬೀಸಣಿಕೆ ಕೈಯಲ್ಲೇ ಇದೆ, ಆದರೂ ಮಡಿವಾಳಯ್ಯ ಅದನ್ನು ಎಬ್ಬಿಸುವುದಿಲ್ಲ, ಸೂಗಮ್ಮ ತಾನೇ ಕಾಲು ಕೊಡವಲಿ ಎಂದು ಕಾಯುತ್ತಾನೆ, ಕೊಡವಿದರೆ ಹೆಂಡತಿ ಬದುಕಿದ್ದಾಳೆ ಎಂದು ಇನ್ನೊಂದು ಸಲ ಗೊತ್ತಾದೀತು, ಬೆಳಿಗ್ಗೆಯಿಂದ ಎಷ್ಟು ಸಲ ಗೊತ್ತಾದರೂ ಸಾಲದು — ಹಾಂ, ಬೆರಳು ಮಿಸುಕಿತು, ನೊಣ ಕಿಟಕಿಯ ಕಡೆ ಹೋಯಿತು, ಕಿಟಕಿಯ ಹೊರಗೆ ರಾವೂರಿನ ಗಣಿಯಿಂದ ಕಲ್ಲು ಹೊತ್ತ ಬಂಡಿಗಳು, ಅದರಾಚೆ ವಾಡಿ ಜಂಕ್ಷನ್ನಿನಲ್ಲಿ ಇಂಜಿನ್ನಿನ ಕೂಗು, ಎಲ್ಲವೂ ನಿನ್ನೆಯ ಹಾಗೇ. ಕಲ್ಲಿನ ವ್ಯಾಪಾರಿಗಳು ಕಟ್ಟಿಸಿದ ಈ ಇಪ್ಪತ್ತು ಮಂಚದ ದವಾಖಾನೆಯಲ್ಲಿ ಇಪ್ಪತ್ತೊಂದು ವರ್ಷ ಅವನು ರೋಗಿಗಳ ತಲೆಯ ಹತ್ತಿರ ನಿಂತವನು, ಕಾಲಿನ ಹತ್ತಿರ ಕೂತದ್ದು ಇದೇ ಮೊದಲು. ಎಂಟು ಗಂಟೆಗೆ ಡಾಕ್ಟರ್ ಲಲಿತಾಬಾಯಿ ಇವಳ ಹೊಕ್ಕಳ ಬಳಿ ಕೊಯ್ದು, ಎರಡು ವರ್ಷದಿಂದ ಹೊರಗೆ ತಲೆ ಹಾಕುತ್ತಿದ್ದ ಕರುಳನ್ನು ಒಳಗೆ ತಳ್ಳಿ ಹೊಲಿದರು, ಛಲೋ ಆತ್ರಿ ಅಯ್ನೋರ, ಇನ್ನ ಆರು ವಾರ ಕೊಡ ಎತ್ತಿಸಬ್ಯಾಡ್ರಿ ಅಂದು ಕೈ ತೊಳೆಯಲು ಹೋದರು. ಇನ್ನು ಇವಳು ಕಣ್ಣು ಬಿಡಬೇಕು. ಬಿಟ್ಟ ಕೂಡಲೇ ಮೊದಲು ಯಾರ ಹೆಸರು ಹೇಳುತ್ತಾಳೋ, ಆ ಹೊಸ ಡಾಕ್ಟರ್ ಸಿರಾಜುದ್ದೀನನನ್ನೇ ಕೇಳುತ್ತಾಳೆ, ಕೇಳಲಿ, ಸೂಜಿ ಚುಚ್ಚಿದವನು ಅವನಲ್ಲವೇ.

ಬೇಹೋಷಿ ಅಯ್ನೋರು, ಎಚ್ಚರ ತಪ್ಪಿಸುವ ಅಯ್ನೋರು, ಅನ್ನುತ್ತಿದ್ದರು ತನ್ನನ್ನು, ಭಂಕೂರದಿಂದ ಮುಧೋಳದವರೆಗೆ, ಕಂಪೌಂಡರ್ ಎನ್ನುವುದು ಕಾಗದದಲ್ಲಿ ಮಾತ್ರ, ಗಣಿಯಲ್ಲಿ ಕಾಲು ಜಜ್ಜಿಕೊಂಡು ಬಂದವನು ಡಾಕ್ಟರು ಯಾರು ಅಂತ ಕೇಳುತ್ತಿರಲಿಲ್ಲ, ಅಯ್ನೋರು ಅದಾರೇನು ಅಂತ ಕೇಳುತ್ತಿದ್ದ. ತಂತಿಯ ಜಾಲಿಗೆ ಅರಿವೆ ಬಿಗಿದು ಮೂಗಿನ ಮೇಲಿಟ್ಟು ಕಂದು ಬಾಟಲಿಯಿಂದ ಕ್ಲೋರೋಫಾರ್ಮು ಹನಿ ಹನಿ, ಆಳು ಮೊದಲು ಒದರುತ್ತಾನೆ, ಒದೆಯುತ್ತಾನೆ, ಹೆಂಡತಿಯನ್ನೂ ದೇವರನ್ನೂ ಗಣಿಯ ಮುಕಾದಮನನ್ನೂ ಒಟ್ಟಿಗೆ ಬೈಯುತ್ತಾನೆ, ಆಮೇಲೆ ಕೆಸರಿಗೆ ಕಲ್ಲು ಇಳಿದ ಹಾಗೆ ಇಳಿಯುತ್ತಾನೆ, ಉಸಿರು ಗೊರ್ ಎಂದು ದಾರಿ ಹಿಡಿಯುತ್ತದೆ, ಅದನ್ನು ಕಿವಿಯಿಂದಲೇ ಎಣಿಸಬೇಕು, ಕಣ್ಣು ಮುಚ್ಚಿದರೂ ಆದೀತು. ಲಿಂಗವಂತರಾದರೆ ಎಡಗೈ ಮುಷ್ಟಿಯಲ್ಲಿ ಇಷ್ಟಲಿಂಗ ಹಿಡಿದು ಮಲಗುತ್ತಿದ್ದರು, ಮುಷ್ಟಿ ಸಡಿಲವಾಗಿ ಲಿಂಗ ಜಾರುವ ಹೊತ್ತಿಗೆ ಸರಿಯಾಗಿ ತನ್ನ ಅಂಗೈ ಒಡ್ಡಿ ಹಿಡಿದು, ಹೂಂ ಆಗ್ಲಿರಿ ಅಂದರೆ ಆಗ ಚಾಕು, ಅದಕ್ಕಿಂತ ಮೊದಲು ಯಾವ ಡಾಕ್ಟರೂ ಮುಟ್ಟುವಂತಿಲ್ಲ, ಇಪ್ಪತ್ತೊಂದು ವರ್ಷದಲ್ಲಿ ಒಂದು ಲಿಂಗವೂ ನೆಲ ಕಂಡಿಲ್ಲ. ಇದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ, ತಾನೇ ಕಂಡುಕೊಂಡದ್ದು. ಹೋದ ದೀಪಾವಳಿಗೆ ಬಂದ ಈ ಸಿರಾಜುದ್ದೀನ, ಚಿತ್ತಾಪುರದವನೇ, ಹೈದರಾಬಾದಿನಲ್ಲಿ ಕಲಿತ ಇಪ್ಪತ್ತೆಂಟರ ಡಾಕ್ಟರು, ತೆಳ್ಳಗೆ, ಎಣ್ಣೆ ಹಚ್ಚಿದ ತಲೆ, ಎರಡು ಗಾಜಿನ ಪಿಚಕಾರಿ ಬಿಳಿ ತಟ್ಟೆಯಲ್ಲಿಟ್ಟುಕೊಂಡು ಹೂ ತಂದವನ ಹಾಗೆ ಬರುತ್ತಾನೆ, ಒಂದು ದರ್ದಿಗೆ, ನೋವು ಕಾಣದ್ಹಂಗ, ಒಂದು ನಿದ್ದಿಗೆ, ಎರಡೂ ನರದಾಗ ಕೊಡೂದು ಅಯ್ನೋರ, ಕೂಡಿಸಿ ಕೊಟ್ರ ಎರಡೂ ಥೋಡೆ ಥೋಡೆ ಸಾಕು, ಒಂದ ಕೊಟ್ರ ಭಾಳ ಬೇಕಾಗ್ತದ. ಒದರುವುದಿಲ್ಲ, ಒದೆಯುವುದಿಲ್ಲ, ವಾಂತಿ ಇಲ್ಲ, ಮಾತಾಡುತ್ತ ಮಾತಾಡುತ್ತ ಮಾತಿನ ನಡುವೆಯೇ ಹೋಗಿಬಿಡುತ್ತಾರೆ, ಗಣಿಯವರು ಈಗ ಸೂಜಿ ಡಾಕ್ಟ್ರು ಅದಾರೇನು ಅಂತ ಕೇಳುತ್ತಾರೆ, ಆಯಾ ಪೀರಮ್ಮ ನೆಲ ಒರೆಸುತ್ತ, ಅಯ್ನೋರ, ನಿಮ್ಮ ಬಾಟ್ಲಿ ಬೂಚು ಬಿಗಿ ಆಗ್ಯದ ನೋಡ್ರಿ, ನಾಳಿ ನಿಮಗ ತೆಗೀಲಿಕ್ಕ ಬರ್ಲಿಕ್ಕಿಲ್ಲ ಅಂತಾಳೆ, ನಗುತ್ತಾಳೆ, ಅವಳ ನಗೆಯಲ್ಲಿ ಕೆಟ್ಟದ್ದೇನಿಲ್ಲ, ಅದೇ ಹೆಚ್ಚು ಉರಿಯುತ್ತದೆ.

ಅದನ್ನೂ ಸಹಿಸಿದ್ದ. ದೊಡ್ಡ ಡಾಕ್ಟರು, ಕಲಿತವನು, ಕಾಲ ಬದಲಾಗಿದೆ, ನಿಜಾಮನ ಕಾಲವೇ ಹೋಯಿತು, ಬಾಟಲಿ ಯಾವ ಲೆಕ್ಕ, ಹೀಗೆ ತನಗೆ ತಾನೇ ಹೇಳಿಕೊಂಡಿದ್ದ. ಆದರೆ ಶುಕ್ರವಾರ ಲಲಿತಾಬಾಯಿಯವರ ಕೋಣೆಯಲ್ಲಿ — ಸೂಗಮ್ಮ, ಅಯ್ನೋರ ಬಾಟ್ಲಿನೋ ಸಿರಾಜನ ಸೂಜಿನೋ, ನೀವ ಹೇಳ್ರಿ, ಮನಿಯವರಂತ ಅಂಜಬ್ಯಾಡ್ರಿ, ಡಾಕ್ಟರು ನಗುತ್ತಲೇ ಕೇಳಿದ್ದರು, ತಾನೂ ನಗಲು ಸಿದ್ಧನಾಗಿದ್ದ, ಅವಳು ಏನು ಹೇಳುವಳೆಂದು ಗೊತ್ತಿತ್ತು, ನಮ್ಮವರ ಕೈಯಾಗ ಇರ್ಲಿರಿ ಅನ್ನುವಳು, ಸೆರಗು ಎಳೆದುಕೊಂಡು — ಸೆರಗು ಎಳೆದುಕೊಂಡೇ ಅಂದಳು, ಸೂಜಿನ ಬರ್ಲಿರಿ ಬಾಯಾರ. ತನ್ನ ಕಡೆ ನೋಡಲಿಲ್ಲ. ಯಾಕವಾ ಅಂದರು ಡಾಕ್ಟರು. ಶರಣಬಸಮ್ಮ ಹುಟ್ಟೂಮುಂದ ಇವರ ಬಾಟ್ಲಿ ಕೊಟ್ಟಿದ್ರು ನೋಡ್ರಿ, ಮುಖದ ಮ್ಯಾಲ ಜಾಲಿ ಇಟ್ಟು ಹಿಂಗ ಅದುಮಿ ಹಿಡದಿದ್ರು, ನಾ ಬಿಡ್ರಿ ಬಿಡ್ರಿ ಅಂದೆ, ಬಿಡ್ಲಿಲ್ಲ, ಅವತ್ತ ನಾ ಸತ್ತೆ ಅಂತ ತಿಳದಿದ್ದೆ, ಆಮ್ಯಾಲ ಆ ಸೀ ವಾಸನಿ ಇವರ ಅಂಗಿಯಾಗ ಮನಿಗೆ ಬಂದಾಗೆಲ್ಲ ನನ್ನ ಹೊಟ್ಟಿ ತೊಳಸ್ತದ. ಹದಿನೆಂಟು ವರ್ಷ. ಮಗಳು ಶರಣಬಸಮ್ಮ ಮದುವೆಯಾಗಿ ಚಿಂಚೋಳಿಗೆ ಹೋದಳು, ಅವಳೇ ಈಗ ಬಸುರಿ, ಅಷ್ಟೂ ವರ್ಷ ಅಂಗಿ ಒಗೆದು ಬಿಸಿಲಿಗೆ ಹಾಕಿ ಮಡಿಚಿ ಇಟ್ಟವಳು ಒಂದು ದಿನವೂ ಅನ್ನಲಿಲ್ಲ, ಶುಕ್ರವಾರ ಅಂದಳು, ಲಲಿತಾಬಾಯಿಯ ಮುಂದೆ, ಸಿರಾಜನ ಮುಂದೆ, ಔಷಧಿ ಕಪಾಟಿನ ಹತ್ತಿರ ಕಿವಿ ಇಟ್ಟು ನಿಂತ ಪೀರಮ್ಮನ ಮುಂದೆ. ಬಿಟ್ಟಿದ್ದರೆ ಕೂಸು ಒಳಗೇ ಸಾಯುತ್ತಿತ್ತು, ಇದು ಯಾಕೆ ಬಾಯಿಗೆ ಬರಲಿಲ್ಲ, ಬಂದದ್ದು ಇಷ್ಟೇ, ಆಯ್ತು, ಹಂಗ ಆಗ್ಲಿ. ಸಿರಾಜ ತಲೆ ತಗ್ಗಿಸಿದ್ದ, ಒಳ್ಳೆಯವನು, ಅವನು ನಕ್ಕಿದ್ದರೆ ದ್ವೇಷಿಸುವುದು ಸುಲಭವಾಗುತ್ತಿತ್ತು.

ಮನೆಯಲ್ಲಿ ಅವತ್ತು ರೊಟ್ಟಿ ತಿನ್ನುವಾಗ ಅವಳು ಹೆಸರುಬೇಳೆ ಮುಂದಕ್ಕೆ ಸರಿಸಿದಳು, ಇನ್ನಷ್ಟು ಹಾಕ್ಲೇನ್ರಿ ಅಂದಳು, ಅಂಗಿ ಮೂಸಿ ನೋಡಿಕೊಂಡ, ಅವಳು ಒಳಗೆ ಹೋದಾಗ, ತನಗೆ ಯಾವ ವಾಸನೆಯೂ ಬರಲಿಲ್ಲ, ಬೆವರಿನದೊಂದು ಬಿಟ್ಟು. ಮೂಗು ಸತ್ತು ಎಷ್ಟು ವರ್ಷವಾಯಿತೋ. ಇವತ್ತು ಬೆಳಿಗ್ಗೆ ಆಪರೇಶನ್ ಕೋಣೆಗೆ ಅವಳನ್ನು ಕರೆದು ತಂದಾಗ ಸಿರಾಜ, ಬರ್ರಿ ಚಾಚಿ, ಕುಂದ್ರಿ, ಮೊದಲ ಸ್ವಲ್ಪ ಮಾತಾಡೋಣು ಅಂದ — ಅವಳು ಚಾಚಿ, ತಾನು ಮಾತ್ರ ಅಯ್ನೋರು, ಚಾಚಿಯ ಗಂಡ ಚಾಚಾ ಆಗಬೇಕಲ್ಲ, ಅದು ಅವನಿಗೆ ಹೊಳೆಯಲಿಲ್ಲ. ಅವಳ ಬಲಗೈ ತನ್ನ ಮೊಣಕಾಲಿನ ಮೇಲೆ ಇಟ್ಟುಕೊಂಡು ಎರಡು ಬೆರಳಿನಿಂದ ತಟ್ಟಿದ, ತಟ್ಟಿ ತಟ್ಟಿ ಸವರಿದ, ವಾಹ್ ಚಾಚಿ, ಏನ್ ನರ ಅದ ನಿಮ್ದು, ಕಣ್ಣು ಮುಚ್ಚಿ ಹಾಕಬಹುದು, ಕಣ್ಣು ಮುಚ್ಚಬ್ಯಾಡಪ್ಪ ಅಂದಳು ಇವಳು, ನಕ್ಕರು ಇಬ್ಬರೂ. ಮೊಣಕೈ ಮಡಿಕೆಯಲ್ಲಿ ನೀಲಿಯಾಗಿ, ಬೆರಳು ಗಾತ್ರ, ನಿಜವಾಗಿ ಒಳ್ಳೆಯ ನರ. ಇಪ್ಪತ್ತಾರು ವರ್ಷ ಆ ತೋಳಿನ ಪಕ್ಕದಲ್ಲಿ ಮಲಗಿದವನಿಗೆ ಅದು ಅಲ್ಲಿದೆ ಎಂದು ಗೊತ್ತಿರಲಿಲ್ಲ, ಬಳೆ ಗೊತ್ತು, ಹಚ್ಚೆ ಗೊತ್ತು, ಒಲೆ ಸುಟ್ಟ ಕಲೆ ಗೊತ್ತು, ಈ ನರ ಮಾತ್ರ ಬೇರೆಯವನು ಬಂದು ತಟ್ಟಿ ತೋರಿಸಬೇಕಾಯಿತು. ಆಮೇಲೆ ಸಿರಾಜ ಅವಳ ಕೊರಳಿನ ಕಡೆ ನೋಡಿ ಕೈ ಹಿಂದೆ ತೆಗೆದುಕೊಂಡ, ಅಯ್ನೋರ, ಲಿಂಗ ನೀವ ಎಡಗೈಯಾಗ ಕೊಟ್ಟು ಕಟ್ರಿ, ನಾ ಆ ಕಡಿ ಬರಂಗಿಲ್ಲ ಅಂದ, ಎಷ್ಟು ಮರ್ಯಾದೆ, ಅದೂ ಸಹಿಸಲಾಗಲಿಲ್ಲ. ಅಷ್ಟು ಹೇಳಿ ತನ್ನನ್ನು ಎಡಗಡೆ ಸ್ಟೂಲಿನ ಮೇಲೆ ಕೂಡಿಸಿದ. ಕೆಲಸ ಒಂದೇ ನೋಡ್ರಿ, ಈ ಎರಡು ಔಷಧಿ ಛಲೋ, ಆದ್ರ ಎರಡೂ ಉಸುರಿನ ಮ್ಯಾಲ ಕೈ ಹಾಕ್ತಾವ, ಒಂದಕ್ಕೊಂದು ಕೂಡಿದ್ರ ಇನ್ನೂ ಜಾಸ್ತಿ, ನಾ ಪಿಚಕಾರಿ ನೋಡಬೇಕು, ಬಾಯಾರು ಹೊಟ್ಟಿ ನೋಡಬೇಕು, ಉಸುರು ನೀವು ಎಣಸ್ರಿ, ನಿಮಿಷಕ್ಕ ಹತ್ತಕ್ಕಿಂತ ಕಮ್ಮಿ ಆದ್ರ ಒಂದ ಮಾತು ಅನ್ರಿ, ನಾ ಕೈ ನಿಲ್ಲಸ್ತೀನಿ. ಬೇಹೋಷಿ ಅಯ್ನೋರಿಗೆ ಎಣಿಸುವ ಕೆಲಸ.

ಎಣಿಸಿದ. ಮೊದಲ ಪಿಚಕಾರಿ, ದರ್ದಿನದು, ನಿಧಾನ, ಎರಡು ನಿಮಿಷ ಹಿಡಿಯಿತು ಖಾಲಿಯಾಗಲು, ಅವಳ ಹುಬ್ಬು ಬಿಚ್ಚಿಕೊಂಡಿತು, ಎರಡು ವರ್ಷದಿಂದ ಹುಬ್ಬಿನ ನಡುವೆ ಇದ್ದ ಗಂಟು, ಅದು ಅವಳ ಮುಖದ್ದೇ ಅಂದುಕೊಂಡಿದ್ದ, ನೋವಿನದು ಎಂದು ಆಗ ತಿಳಿಯಿತು, ಹತ್ತಿ ಮ್ಯಾಲ ಮಲಗಿಸ್ದಂಗ ಆಗ್ಯದ ಸಿರಾಜಪ್ಪ ಅಂದಳು, ಮುಷ್ಟಿ ಆಗಲೇ ಸಡಿಲವಾಯಿತು, ಮಾತಾಡುತ್ತಿದ್ದಾಳೆ, ಎಚ್ಚರವಿದ್ದಾಳೆ, ಆದರೂ ಲಿಂಗ ಅರಿವೆಯ ಕಟ್ಟಿನಲ್ಲಿ ಜಾರಿತು, ತನ್ನ ಅಂಗೈ ಅಭ್ಯಾಸದಿಂದ ಮುಂದೆ ಹೋಯಿತು, ಹೂಂ ಅನ್ನಲು ಬಾಯಿ ತೆರೆಯಿತು, ಅರ್ಥವೇ ಇಲ್ಲದ ಹೂಂ, ತನ್ನ ಇಪ್ಪತ್ತೊಂದು ವರ್ಷದ ಗುರುತು ಈ ಔಷಧಿಗೆ ಗುರುತೇ ಅಲ್ಲ. ಹದಿನಾರು. ಎರಡನೆಯ ಪಿಚಕಾರಿ, ನಿದ್ದೆಯದು, ಹಳದಿ, ಚೂರೇ ಚೂರು, ಶರಣಿಗೆ ಹೇಳ್ರಿ ಕುಬಸಕ್ಕ — ಎಂದವಳು ಮಗಳ ಸೀಮಂತದ ಮಾತು ಬಾಯಲ್ಲಿಟ್ಟುಕೊಂಡೇ ಹೋದಳು. ಹದಿಮೂರು. ಬಾಯಾರು ಕೊಯ್ದರು. ಗೊರಕೆಯಿಲ್ಲ, ಸದ್ದಿಲ್ಲ, ಕಿವಿಗೆ ಏನೂ ಸಿಗುತ್ತಿಲ್ಲ, ಈ ಉಸಿರು ಕಣ್ಣಿನಿಂದ ನೋಡಬೇಕು, ಎದೆಯ ಮೇಲೆ ಹೊದಿಸಿದ ಬಿಳಿ ಚಾದರ, ಇಸ್ತ್ರಿಯ ಮಡಿಕೆಯ ಗೆರೆ ನಟ್ಟ ನಡುವೆ ಉದ್ದಕ್ಕೆ, ಆ ಗೆರೆ ಏರುತ್ತದೆ, ಇಳಿಯುತ್ತದೆ, ಹನ್ನೆರಡು, ಅವಳು ನಿದ್ದೆಯಲ್ಲಿ ನರಳಿದಳು, ಬಾಯಾರು ಕರುಳು ತಳ್ಳುತ್ತಿದ್ದರು, ಸ್ವಲ್ಪ ಇನ್ನೂ ಬೇಕು ಸಿರಾಜ ಅಂದರು, ಅವನು ಹಳದಿಯದು ಇನ್ನೊಂದು ಚೂರು ಬಿಟ್ಟ, ಮತ್ತೊಂದು ಚೂರು. ಹನ್ನೊಂದು. ಗೆರೆ ಏರಿತು, ನಿಂತಿತು, ಇಳಿಯಿತು. ಒಂಬತ್ತು.

ಕಿವಿಗೆ ಕೇಳಲಿಲ್ಲ ಅಂದರಾಯಿತು. ಯಾರಾದರೂ ಕೇಳಿದರೆ ಅಷ್ಟೇ ಹೇಳಬಹುದು, ಕ್ಲೋರೋಫಾರ್ಮಿನ ಉಸಿರಿಗೆ ಕಿವಿ ಹದವಾದವನು, ಇದು ಮೂಕ ಉಸಿರು, ಗೊತ್ತಾಗಲಿಲ್ಲರಿ. ಯಾರೂ ಕೇಳಿಲ್ಲ, ಕೇಳುವುದೂ ಇಲ್ಲ. ಒಂಬತ್ತು ಅಂತ ಗೊತ್ತಿತ್ತು. ನಾಲಿಗೆಯ ತುದಿಯಲ್ಲಿತ್ತು, ಒಂಬತ್ತು, ಒಂದೇ ಮಾತು, ಆದರೆ ಸಿರಾಜನ ಮುಖ ಕಂಡಿತು, ಪಿಚಕಾರಿಯ ಗೆರೆ ನೋಡುತ್ತ ತುಟಿಯಲ್ಲಿ ಸಣ್ಣ ನಗೆ, ಕೆಲಸ ಸರಿಹೋಗುವಾಗ ಯಾರ ತುಟಿಗೂ ಬರುವ ನಗೆ, ತನ್ನ ತುಟಿಗೂ ಬರುತ್ತಿತ್ತು, ನೋಡಲಿ, ತಾನೇ ನೋಡಲಿ ಅನ್ನಿಸಿತು, ಹತ್ತು ಎಣಿಸುವ ಮುದುಕ ಬೇಕೇ ಇವನಿಗೆ, ಕಲಿತವನು ತಾನೇ ತಲೆ ಎತ್ತಿ ನೋಡಲಿ, ಎತ್ತಿ ನೋಡಿ ಗಾಬರಿಯಾಗಲಿ, ಒಂದು ಸಲ ಆ ಕೈ ನಡುಗುವುದನ್ನು ಬಾಯಾರು ನೋಡಲಿ, ಪೀರಮ್ಮ ನೋಡಲಿ, ಇವಳು ಎದ್ದ ಮೇಲೆ ಇವಳಿಗೂ ಯಾರಾದರೂ ಹೇಳಲಿ. ಅಷ್ಟೇ ಬೇಕಾಗಿದ್ದದ್ದು. ಇನ್ನೊಂದು ಉಸಿರು ಬಂದೇ ಬರುತ್ತದೆ, ಅದಾದ ಮೇಲೆ ಹೇಳುತ್ತೇನೆ. ಗೆರೆ ಏರಿತು, ಇಳಿಯಿತು. ಇನ್ನೊಂದು. ಬಹಳ ಹೊತ್ತಿನ ಮೇಲೆ ಇನ್ನೊಂದು. ಆಮೇಲೆ ಗೆರೆ ನಿಂತಿತು. ನೆಟ್ಟಗೆ, ಬಿಳಿ, ಕಾಗದದ ಮೇಲೆ ಅಳತೆಗೋಲು ಇಟ್ಟು ಎಳೆದ ಹಾಗೆ. ಈಗ ಏರುತ್ತದೆ ಎಂದು ಕಾದ, ಈಗ, ಈಗ, ಅವಳ ತುಟಿ ನೇರಳೆ ಹಣ್ಣು ತಿಂದವಳ ತುಟಿಯ ಹಾಗೆ, ಹೇಳಲು ಹೋದರೆ ದನಿ ಬರಲೊಲ್ಲದು, ಎದ್ದು ಸಿರಾಜನ ಹೆಗಲಿಗೆ ಮುಷ್ಟಿಯಿಂದ ಗುದ್ದಿದ, ಸ್ಟೂಲು ಬಿತ್ತು. ಸಿರಾಜ ನೋಡಿದವನೇ ಸೂಜಿ ಹಾಗೇ ಬಿಟ್ಟು ಅವಳ ಗದ್ದ ಎತ್ತಿ ಹಿಡಿದ, ರಬ್ಬರಿನ ಚೀಲ ಹಚ್ಚಿ ಒತ್ತಿದ, ಆಕ್ಸಿಜನ್ ಬಿಡ್ರಿ ಪೀರಮ್ಮ, ಪೂರಾ ಬಿಡ್ರಿ, ಒತ್ತಿದ, ಒತ್ತಿದ, ಕೈ ನಡುಗಲೇ ಇಲ್ಲ, ಅಲ್ಲಾಹ್ ಅಂತ ಮೆಲ್ಲಗೆ ಅಂದ, ಮತ್ತೆ ಒತ್ತಿದ. ನಡುಗಿದ್ದು ತನ್ನ ಕೈ. ಎಷ್ಟು ಹೊತ್ತೋ, ಗಡಿಯಾರದಲ್ಲಿ ಎರಡು ನಿಮಿಷವಂತೆ, ಅವಳು ತಾನಾಗಿ ಒಂದು ಎಳೆದಳು, ಆಕಳು ನೀರು ಕುಡಿದು ಬಿಡುವ ಉಸಿರಿನ ಹಾಗೆ, ಆಮೇಲೆ ಇನ್ನೊಂದು, ಬಾಯಾರು ಹೊಲಿಗೆ ಮುಗಿಸಿದರು.

ಆಮೇಲೆ ಹೊರಗೆ ಬೇವಿನ ಗಿಡದ ಹತ್ತಿರ ಸಿರಾಜ ಬೀಡಿ ಹಚ್ಚಲು ಹೋಗಿ ಮೂರು ಕಡ್ಡಿ ಕೆಡಿಸಿದ, ಆಗ ನಡುಗಿತು ಅವನ ಕೈ, ಈಗ ಬೇಕಾಗಿರಲಿಲ್ಲ, ಯಾರೂ ನೋಡುತ್ತಲೂ ಇರಲಿಲ್ಲ. ತಪ್ಪು ನಂದು, ಎರಡನೇ ಚೂರು ಜಲ್ದಿ ಬಿಟ್ಟೆ, ಮೊದಲ ಚೂರು ಮೈಗೆ ಹತ್ತೂತನಕ ತಡಕೋಬೇಕಿತ್ತು, ನೀವು ಇರದಿದ್ರ ಇವತ್ತ ಚಾಚಿ ಹೋಗಿದ್ರು ಚಾಚಾ. ಚಾಚಾ ಅಂದ. ಕಣ್ಣಲ್ಲಿ ನೀರು ತಂದುಕೊಂಡು ಅಂದ. ಬಾಯಾರಿಗೆ ಹೇಳೀನಿ, ಇನ್ನ ಮುಂದ ನೀವು ಬಾಜೂಕ ಇಲ್ದ ನಾ ಪಿಚಕಾರಿ ಮುಟ್ಟಂಗಿಲ್ಲ, ಬಾಯಾರೂ ಹೂಂ ಅಂದ್ರು. ಒಂದು ವರ್ಷದಿಂದ ಯಾವ ಮಾತಿಗೆ ಹೊಟ್ಟೆ ಉರಿಸಿಕೊಂಡಿದ್ದನೋ ಆ ಮಾತು, ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ, ಬೇವಿನ ಗಿಡದ ಕೆಳಗೆ, ಬೀಡಿಯ ಹೊಗೆಯಲ್ಲಿ. ಇಲ್ಲಪ್ಪ, ನಾ ಸುಮ್ಮನ ಕುಂತಿದ್ದೆ, ಒಂಬತ್ತಿದ್ದಾಗಿಂದ ಸುಮ್ಮನ ಕುಂತಿದ್ದೆ — ಹೇಳಬಹುದಿತ್ತು, ಗಿಡ ಇತ್ತು, ಅವನಿದ್ದ, ಬೇರೆ ಯಾರೂ ಇರಲಿಲ್ಲ. ಹೇಳಿದ್ದು, ಬೀಡಿ ಒಂದು ಕೊಡಪ್ಪ.

ಏನ್ರಿ. ಅವಳು. ಕಣ್ಣು ಅರ್ಧ ತೆರೆದಿದ್ದಾಳೆ, ಕಣ್ಣಿನ ಪಾಪೆ ಸಾಸಿವೆಯಷ್ಟು ಸಣ್ಣದಾಗಿದೆ, ದರ್ದಿನ ಔಷಧಿ ಇನ್ನೂ ಇಳಿದಿಲ್ಲ. ಬೀಸಣಿಕೆ ಕೆಳಗೆ ಬಿತ್ತು. ಇಲ್ಲೇ ಇದ್ದೀನಿ. ಮುಗೀತೇನ್ರಿ. ಮುಗೀತು. ತುಟಿ ಒಣಗಿದೆ, ಅರಿವೆ ಒದ್ದೆ ಮಾಡಿ ಒರೆಸಿದ, ನೀರು ಇಷ್ಟು ಜಲ್ದಿ ಕೊಡುವಂತಿಲ್ಲ. ಸಿರಾಜಪ್ಪ ಎಲ್ಲಿ ಅಂತ ಈಗ ಕೇಳುತ್ತಾಳೆ, ಕೇಳಲಿ, ಕೇಳಿಬಿಡಲಿ, ಅದು ಕೇಳಿದರೆ ಹಗುರಾದೀತು, ಆ ಹಳೆಯ ಉರಿ ಬಂದರೆ ಅದನ್ನೇ ಹೊದ್ದು ಕೂರಬಹುದು. ಕೇಳಲಿಲ್ಲ. ಸಿಟ್ಟಾಗೀರೇನ್ರಿ ಅಂದಳು. ಮಾತು ಮಾತಿನ ನಡುವೆ ನಿದ್ದೆ ಬರುತ್ತಿದೆ, ಎಳೆದೆಳೆದು ಆಡುತ್ತಾಳೆ, ಶುಕ್ರವಾರ ನಾ ಹಂಗ ಅಂದಿದ್ದಕ್ಕ. ಇಲ್ಲ. ಆಗೀರಿ, ನಾಕು ದಿನದಿಂದ ಅಂಗಿ ಮೂಸಿ ನೋಡಾಕತ್ತೀರಿ, ನಾ ಕಂಡೀನಿ. ನಗಲು ಹೋಗಿ ಹೊಲಿಗೆ ಎಳೆಯಿತು, ಹಾ ಅಂದಳು, ಮತ್ತೆ ಕಣ್ಣು ಮುಚ್ಚಿದಳು, ಮುಚ್ಚಿಕೊಂಡೇ ಅಂದಳು, ಬಾಟ್ಲಿ ಹಿಡದ್ರ ನೀವು ಡಾಕ್ಟರ ಕಡಿಯವರು ಆಗ್ತೀರಿ, ನನ್ನ ಮುಖ ಸೈತ ನಿಮಗ ಕಾಣಂಗಿಲ್ಲ, ಜಾಲಿ ಕಾಣ್ತದ, ಅವತ್ತ ನೋಡೀನಲ್ಲ. ಸೂಜಿ ಅವನ ಕೈಯಾಗ ಇದ್ರ ನೀವು ನನ್ನ ಕಡಿ ಕೂಡ್ತೀರಿ ಅಂತ. ಕೆಳಗೆ ಬಿದ್ದ ಬೀಸಣಿಕೆ ಎತ್ತಿಕೊಂಡ. ಬಾಯಾರಿಗೆ ನಾನ ಹೇಳಿದ್ದು, ಉಸುರು ಇವರ ಎಣಸ್ಲಿರಿ, ಬ್ಯಾರೆ ಯಾರೂ ಬ್ಯಾಡ, ಇವರು ಎಣಿಸೂದ್ರಾಗ ಒಂದ ಹೆಚ್ಚು ಇಲ್ಲ ಒಂದ ಕಮ್ಮಿ ಇಲ್ಲ ಅಂತ. ಎಷ್ಟಿತ್ರಿ. ಏನು. ನನ್ನ ಉಸುರು, ಎಷ್ಟಿತ್ತು, ಎಣಿಸಿದ್ರಲ್ಲ.

ಎಣಿಸಿದೆ. ಹದಿನಾರಿತ್ತು ಅನ್ನಬೇಕು, ಹದಿನಾರಿತ್ತು, ಅದು ಸುಳ್ಳಲ್ಲ, ಮೊದಲು ಹದಿನಾರೇ ಇತ್ತು, ಅವಳು ಕಾಯುತ್ತಿದ್ದಾಳೆ, ಇಲ್ಲ, ಮತ್ತೆ ನಿದ್ದೆ ಹೋದಳು, ಬಾಯಿ ಸ್ವಲ್ಪ ತೆರೆದಿದೆ, ಕೌದಿಯ ಕೆಳಗೆ ಎದೆ ಏರುತ್ತಿದೆ, ಇಳಿಯುತ್ತಿದೆ, ಕೌದಿಯಲ್ಲಿ ಗೆರೆಯಿಲ್ಲ, ಹಸಿರು ಕೆಂಪು ಚೂರುಗಳು, ಅವಳೇ ಹೊಲಿದದ್ದು, ಏರುತ್ತಿದೆ, ಒಂದು, ಇಳಿಯುತ್ತಿದೆ, ಎಣಿಸಬೇಕು, ಎದ್ದಾಗ ಹೇಳಬೇಕಲ್ಲ, ಎರಡು, ಕೌದಿಯನ್ನೇ ನೋಡುತ್ತಾನೆ, ಅದು ಏರುತ್ತಲೇ ಇದೆ, ಕಣ್ಣಿಗೆ ಕಾಣುವುದು ಮಾತ್ರ ಕೌದಿಯಲ್ಲ, ಬೆಳಗಿನ ಆ ಬಿಳಿ ಚಾದರ, ನಡುವೆ ಉದ್ದಕ್ಕೆ ಮಡಿಕೆಯ ಗೆರೆ, ಮೂರು ಅನ್ನಲು ಬಾಯಿ ತೆರೆದಿದೆ, ಗೆರೆ ಏರಬೇಕು, ನೆಟ್ಟಗಿದೆ, ಏರಬೇಕು ಈಗ, ಬಿಳಿ, ನೆಟ್ಟಗೆ, ಆ ಗೆರೆ —